ಬಾವುಟದ ಹಿಂದೆ ಹೋದವರು, ಫೋನಿನ ಹಿಂದೆ ಬಂದವರು

ಜಪಾನಿನ ಫುಜಿ ಬೆಟ್ಟದ ಬುಡದಲ್ಲಿ ಫುಜಿಕಾವಾಗುಚಿಕೊ ಅಂತ ಒಂದು ಊರಿದೆ. ಅಲ್ಲಿ ರಸ್ತೆ ಪಕ್ಕ ಲಾಸನ್ ಕಂಪನಿಯ ಒಂದು ಸಣ್ಣ ಅಂಗಡಿ. ಹಾಲು, ಬ್ರೆಡ್ಡು, ಅನ್ನದುಂಡೆ ಮಾರುವಂಥದ್ದು. ಜಪಾನಿನಲ್ಲಿ ಇಂಥವು ಸಾವಿರಗಟ್ಟಲೆ ಇವೆ. ಆದರೆ ಈ ಅಂಗಡಿಯನ್ನು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದರೆ ಅದರ ಚಾವಣಿ ಮೇಲೆ ಫುಜಿ ಬಂದು ಕೂತ ಹಾಗೆ ಕಾಣುತ್ತದೆ. ಯಾರೋ ಒಂದು ಫೋಟೊ ಹಾಕಿದರು. ಅದನ್ನು ನೋಡಿ ಇನ್ನೊಬ್ಬರು ಹೋದರು. ಆಮೇಲೆ ಜಾತ್ರೆ. ಜನ ಗಾಡಿಗಳ ನಡುವೆ ರಸ್ತೆ ದಾಟೋದು, ಎದುರಿಗಿರುವ ಹಲ್ಲಿನ ಡಾಕ್ಟರ ಜಾಗದಲ್ಲಿ ಕಾರು ನಿಲ್ಲಿಸೋದು, ಕೆಲವರಂತೂ ಆ ಕ್ಲಿನಿಕ್ಕಿನ ಚಾವಣಿಗೇ ಹತ್ತೋದು. 2024ರ ಮೇ ತಿಂಗಳಲ್ಲಿ ಊರಿನ ಆಡಳಿತ 20 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕಪ್ಪು ಬಲೆ ಕಟ್ಟಿ ಆ ನೋಟವನ್ನೇ ಮುಚ್ಚಿಬಿಟ್ಟಿತು. ಕೆಲವೇ ದಿನಗಳಲ್ಲಿ ಬಲೆಯಲ್ಲಿ ತೂತುಗಳು ಬಿದ್ದವು. ಒಂದೊಂದೂ ಫೋನಿನ ಕ್ಯಾಮೆರಾ ಹಿಡಿಸುವಷ್ಟು.

ಸುದ್ದಿ ಓದಿದವರೆಲ್ಲ "ಪ್ರವಾಸಿಗರು ಜಾಸ್ತಿ ಆದರೆ ಹೀಗೇ" ಅಂದರು. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಎಷ್ಟು ಜನ ಬಂದರು ಅನ್ನೋದು ಒಂದು ಪ್ರಶ್ನೆ, ಹೇಗೆ ಬಂದರು ಅನ್ನೋದು ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡೋದಕ್ಕೆ ಜಪಾನಿಗಿಂತ ಒಳ್ಳೆಯ ಉದಾಹರಣೆ ಸಿಗೋದು ಕಷ್ಟ. ಯಾಕೆಂದರೆ ಈ ದೇಶ ಮೊದಲು ಪ್ರವಾಸಿಗರನ್ನು ಕಳಿಸುವುದರಲ್ಲಿ ಹೆಸರು ಮಾಡಿತ್ತು. ಈಗ ಬರುವವರನ್ನು ಎಲ್ಲಿ ನಿಲ್ಲಿಸೋದು ಅಂತ ಯೋಚನೆ ಮಾಡುತ್ತಿದೆ.

ಮೊದಲು ಈ ಲೆಕ್ಕ ಹೇಗೆ ಹಾಕುತ್ತಾರೆ ಅಂತ ನೋಡೋಣ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಕೊಡುವ ಅಂಕಿ ಪ್ರಕಾರ 1950ರಲ್ಲಿ ಇಡೀ ಜಗತ್ತಿನಲ್ಲಿ ಅಂತರರಾಷ್ಟ್ರೀಯ ಪ್ರವಾಸಿಗರು ಸುಮಾರು 2.5 ಕೋಟಿ. 2012ರಲ್ಲಿ 100 ಕೋಟಿ ದಾಟಿತು. 2019ರಲ್ಲಿ ಸುಮಾರು 146 ಕೋಟಿ. ಆದರೆ ಇದು ತಲೆ ಎಣಿಕೆ ಅಲ್ಲ, ಸಲಗಳ ಎಣಿಕೆ. ನೀವು ವರ್ಷದಲ್ಲಿ ಮೂರು ಸಲ ಸಿಂಗಾಪುರಕ್ಕೆ ಹೋದರೆ ಮೂರು ಪ್ರವಾಸಿ ಆಗುತ್ತೀರಿ. ಗಡಿ ದಾಟಿ ಹೋಗಿ, ಕನಿಷ್ಠ ಒಂದು ರಾತ್ರಿ ತಂಗಿ, ಒಂದು ವರ್ಷದೊಳಗೆ ವಾಪಸ್ ಬರುವವರು, ಅಲ್ಲಿ ಸಂಬಳದ ಕೆಲಸಕ್ಕೆ ಸೇರದವರು. ಇದು ಸುಮಾರಾಗಿ ಎಲ್ಲರೂ ಒಪ್ಪಿರುವ ವ್ಯಾಖ್ಯೆ. ಬೆಟ್ಟ ನೋಡೋಕೆ ಬಂದವರಾ, ಮೀಟಿಂಗಿಗೆ ಬಂದವರಾ ಅಂತ ಇದು ಕೇಳೋದಿಲ್ಲ.

ಅಮೆರಿಕದ ಪೌರತ್ವ ಪಡೆದ ದಾವಣಗೆರೆಯವರೊಬ್ಬರು ತಂಗಿ ಮಗಳ ಮದುವೆಗೆ ಊರಿಗೆ ಬಂದರೆ ಭಾರತದ ಲೆಕ್ಕದಲ್ಲಿ ಅವರು ವಿದೇಶಿ ಪ್ರವಾಸಿ. ಹಂಪಿ ನೋಡಿರಲಿಲ್ಲ, ಛತ್ರ ಬಿಟ್ಟು ಎಲ್ಲೂ ಹೋಗಿರಲಿಲ್ಲ, ಆದರೂ ಪ್ರವಾಸಿ! ಜಪಾನಿನ ಲೆಕ್ಕ ಇನ್ನೂ ಉದಾರ. ಅಲ್ಲಿ ಕಾಯಂ ವಾಸದ ಪರವಾನಗಿ ಇರುವವರನ್ನು ಬಿಟ್ಟು ಉಳಿದ ವಿದೇಶಿಯರನ್ನು 'ಬಂದುಹೋಗುವವರು' ಎಂದೇ ಎಣಿಸುತ್ತಾರೆ. ಟೋಕಿಯೊದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮ ಹುಡುಗ ದೀಪಾವಳಿಗೆ ಊರಿಗೆ ಬಂದು ವಾಪಸ್ ಹೋದರೆ, ವಿಮಾನ ನಿಲ್ದಾಣದಲ್ಲಿ ಅವನೂ ಒಂದು ಸಂಖ್ಯೆ. ಹಾಗಂತ ಲೆಕ್ಕವೇ ಸುಳ್ಳು ಅಂತಲ್ಲ. ಜಪಾನ್ ದ್ವೀಪ ದೇಶ, ಎಲ್ಲರೂ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡೇ ಒಳಗೆ ಹೋಗಬೇಕು. ಹಾಗಾಗಿ ಅವರ ಅಂಕಿ ಗಟ್ಟಿ. ಫ್ರಾನ್ಸಿನಂಥ ಕಡೆ ಜನ ಕಾರಿನಲ್ಲಿ ಸುಮ್ನೆ ಗಡಿ ದಾಟಿ ಬರುತ್ತಾರೆ. ಅಲ್ಲಿ ಸಮೀಕ್ಷೆ ಮಾಡಿ ಅಂದಾಜು ಹಾಕಬೇಕು.

ಈಗ ಕತೆಗೆ ಬರೋಣ. ಎರಡನೇ ಮಹಾಯುದ್ಧದ ನಂತರ ಜಪಾನಿನ ಸಾಮಾನ್ಯ ಜನ ಸುಮ್ಮನೆ ಊರು ನೋಡೋಕೆ ಅಂತ ವಿದೇಶಕ್ಕೆ ಹೋಗುವ ಹಾಗೇ ಇರಲಿಲ್ಲ. ದೇಶದಲ್ಲಿ ಡಾಲರ್ ಕಡಿಮೆ. ಇದ್ದದ್ದನ್ನು ಜನರ ಮೋಜಿಗೆ ಖರ್ಚು ಮಾಡೋಕೆ ಸರ್ಕಾರ ಬಿಡಲಿಲ್ಲ. 1964ರ ಏಪ್ರಿಲ್ 1ರಂದು ಆ ಕಟ್ಟು ಸಡಿಲವಾಯಿತು. ವರ್ಷಕ್ಕೆ ಒಂದು ಸಲ ಹೋಗಬಹುದು, ಕೈಯಲ್ಲಿ 500 ಡಾಲರ್ ಮಾತ್ರ. ಅದೇ ವರ್ಷ ಅಕ್ಟೋಬರಿನಲ್ಲಿ ಬುಲೆಟ್ ರೈಲು ಓಡಿತು, ಟೋಕಿಯೊ ಒಲಿಂಪಿಕ್ಸ್ ನಡೆಯಿತು. ಆ ಒಲಿಂಪಿಕ್ಸ್ ವರ್ಷದಲ್ಲಿ ಜಪಾನಿಗೆ ಬಂದ ವಿದೇಶಿಯರು ಸುಮಾರು 3.5 ಲಕ್ಷ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮರುವರ್ಷವೇ ಜಪಾನ್ ಏರ್‌ಲೈನ್ಸ್ 'ಜಾಲ್‌ಪ್ಯಾಕ್' ಅಂತ ಪ್ಯಾಕೇಜ್ ಟೂರ್ ತಂದಿತು. ವಿಮಾನ, ಹೋಟೆಲ್, ಊಟ, ಗೈಡ್ ಎಲ್ಲಾ ಒಂದೇ ಗಂಟು. ಇಂಗ್ಲಿಷ್ ಬಾರದ, ಹಿಂದೆಂದೂ ವಿಮಾನ ಹತ್ತದ, ರಜೆಯೂ ಜಾಸ್ತಿ ಇಲ್ಲದ ಜನಕ್ಕೆ ಇದಕ್ಕಿಂತ ಬೇರೇನು ಬೇಕು? 1970ರಲ್ಲಿ ಜಂಬೋ ಜೆಟ್ ಬಂತು. ಒಂದೇ ವಿಮಾನಕ್ಕೆ ನಾನೂರರ ಹತ್ತಿರ ಜನ. ಅಷ್ಟು ಸೀಟು ತುಂಬಿಸಬೇಕಲ್ಲ, ಗುಂಪಿಗೆ ಕಡಿಮೆ ದರ ಸಿಕ್ಕಿತು. ಒಬ್ಬ ಗೈಡ್ ಸಣ್ಣ ಬಾವುಟ ಎತ್ತಿ ಹಿಡಿದು ಮುಂದೆ ನಡೆಯುತ್ತಾನೆ, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ನಲವತ್ತು ಜನ ಹಿಂದೆ. ಪ್ಯಾರಿಸ್, ರೋಮ್, ಹವಾಯಿ ಎಲ್ಲಾ ಕಡೆ ಈ ದೃಶ್ಯ ನೋಡಿ ನಕ್ಕವರೇ ಜಾಸ್ತಿ. ಆ ನಗು ನನಗೆ ಅಷ್ಟು ಹಿಡಿಸೋದಿಲ್ಲ. ಮೊದಲ ಸಲ ಮನೆ ಬಿಟ್ಟು ಹೊರಟವರು ಗುಂಪಿನಲ್ಲೇ ಹೋಗುತ್ತಾರೆ. ನಮ್ಮ ಅಜ್ಜಿಯರು ಕಾಶಿಗೆ ಒಬ್ಬೊಬ್ಬರೇ ಹೋಗಿದ್ದರಾ?

1985ರಲ್ಲಿ ಅಮೆರಿಕ, ಜಪಾನ್ ಮತ್ತು ಯುರೋಪಿನ ಮೂರು ದೇಶಗಳು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಕೂತು ಡಾಲರ್ ಬೆಲೆ ಇಳಿಸೋಕೆ ಒಪ್ಪಂದ ಮಾಡಿಕೊಂಡವು. ಒಂದು ಡಾಲರಿಗೆ 240 ಯೆನ್ ಇದ್ದದ್ದು ಎರಡು ಮೂರು ವರ್ಷದಲ್ಲಿ 120ರ ಹತ್ತಿರ ಬಂತು. ಜಪಾನಿಯರಿಗೆ ಇಡೀ ಜಗತ್ತು ಅರ್ಧ ಬೆಲೆಗೆ ಸಿಕ್ಕ ಹಾಗಾಯಿತು. ಆಗ ಸರ್ಕಾರ ಮಾಡಿದ್ದು ಈಗ ಕೇಳಿದರೆ ತಮಾಷೆ ಅನಿಸುತ್ತದೆ. "ನೀವು ನಮಗೆ ಬರೀ ಮಾರುತ್ತೀರಿ, ನಮ್ಮಿಂದ ಏನೂ ಕೊಳ್ಳೋದಿಲ್ಲ" ಅಂತ ಅಮೆರಿಕ ಜಗಳಕ್ಕೆ ನಿಂತಿತ್ತು. ಆ ಸಿಟ್ಟು ತಣಿಸೋಕೆ 1987ರಲ್ಲಿ ಜಪಾನ್ ಒಂದು ಯೋಜನೆ ಹಾಕಿತು: ಐದು ವರ್ಷದಲ್ಲಿ ವಿದೇಶಕ್ಕೆ ಹೋಗುವ ಜಪಾನಿಯರ ಸಂಖ್ಯೆ ಎರಡರಷ್ಟಾಗಿ 1 ಕೋಟಿ ಮುಟ್ಟಬೇಕು. ಹೋಗಿ, ಖರ್ಚು ಮಾಡಿ ಬನ್ನಿ ಅಂತ ಸರ್ಕಾರವೇ ಹೇಳಿದ್ದು! 1990ರಲ್ಲೇ ಗುರಿ ದಾಟಿತು. ಬರುವವರ ಸಂಖ್ಯೆ ಆಗ ಅದರ ಮೂರನೇ ಒಂದು ಭಾಗವೂ ಇರಲಿಲ್ಲ.

ಆಮೇಲೆ ಜಪಾನಿನ ಆರ್ಥಿಕತೆಯ ಗುಳ್ಳೆ ಒಡೆಯಿತು, ಅಂದರೆ ಊದಿಕೊಂಡಿದ್ದ ಷೇರು, ಜಮೀನಿನ ಬೆಲೆ ಕುಸಿಯಿತು. ಜನರಿಗೆ ವಯಸ್ಸಾಯಿತು, ಹಳ್ಳಿಗಳು ಖಾಲಿಯಾದವು. ಹೊರಗಿನಿಂದ ದುಡ್ಡು ಬರಬೇಕಿತ್ತು. 2003ರಲ್ಲಿ ಪ್ರಧಾನಿ ಕೊಯಿಜುಮಿ ಕಾಲದಲ್ಲಿ 'ವಿಸಿಟ್ ಜಪಾನ್' ಪ್ರಚಾರ ಶುರುವಾಯಿತು. ಆಗ ಬರುತ್ತಿದ್ದವರು ಸುಮಾರು 52 ಲಕ್ಷ, 2010ಕ್ಕೆ 1 ಕೋಟಿ ಮಾಡಬೇಕು ಅನ್ನೋದು ಗುರಿ. ಆಗಲಿಲ್ಲ, 86 ಲಕ್ಷಕ್ಕೆ ನಿಂತಿತು. 2011ರ ಭೂಕಂಪ, ಸುನಾಮಿ, ಫುಕುಶಿಮಾ ಅಣುಸ್ಥಾವರದ ಅವಘಡ ಆದ ಮೇಲೆ ಮತ್ತೆ 62 ಲಕ್ಷಕ್ಕೆ ಇಳಿಯಿತು. ಪೋಸ್ಟರು, ಜಾಹೀರಾತು ಎಲ್ಲಾ ಇದ್ದವು. ಚೆರ್ರಿ ಹೂವೂ ವರ್ಷಾ ವರ್ಷಾ ಅರಳುತ್ತಿತ್ತು.

2013ರಿಂದ 2015ರ ನಡುವೆ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2012ರಲ್ಲಿ ಬಂದವರು 84 ಲಕ್ಷದ ಆಸುಪಾಸು. 2013ರಲ್ಲಿ 1.04 ಕೋಟಿ. 2015ರಲ್ಲಿ 1.97 ಕೋಟಿ. ಮೂರು ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟರಲ್ಲಿ ಹಳೇ ದೇವಸ್ಥಾನಗಳ ಊರಾದ ಕ್ಯೋಟೊ ಎರಡು ಪಟ್ಟು ಚೆಂದ ಆಗಿರಲಿಲ್ಲ ಅಲ್ವಾ? ಬದಲಾದದ್ದು ಬೇರೆ.

ಮೊದಲನೆಯದು ಯೆನ್. 2012ರಲ್ಲಿ ಡಾಲರಿಗೆ 80 ಯೆನ್ ಸಿಗುತ್ತಿತ್ತು, 2015ರಲ್ಲಿ 120. ಅದೇ ಹೋಟೆಲ್ ರೂಮು, ಅದೇ ಸುಶಿ, ಹೊರಗಿನವರಿಗೆ ಮೂರನೇ ಒಂದು ಭಾಗ ಅಗ್ಗ. ಜೊತೆಗೆ ವೀಸಾ. 2013ರ ಜುಲೈನಲ್ಲಿ ಥಾಯ್ಲೆಂಡಿನವರು ಸ್ವಲ್ಪ ದಿನದ ಪ್ರವಾಸಕ್ಕೆ ವೀಸಾ ಇಲ್ಲದೆ ಬರಬಹುದು ಅಂದರು. ಹಿಂದಿನ ವರ್ಷ ಅಲ್ಲಿಂದ ಬಂದವರು 2.6 ಲಕ್ಷ, ಆ ವರ್ಷ 4.5 ಲಕ್ಷ. ವೀಸಾ ಅನ್ನೋದು ಬರೀ ಫೀಸಿನ ವಿಷಯ ಅಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿನ ಪತ್ರ, ಎರಡು ದಿನದ ಓಡಾಟ, ಕೊನೆಗೆ ಸಿಗುತ್ತೋ ಇಲ್ಲವೋ ಅನ್ನುವ ತಳಮಳ. ಅರ್ಜಿ ಹಾಕಿದವರಿಗೆ ಗೊತ್ತು. ಅದು ಹೋದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದವರು ಈ ವಾರವೇ ಟಿಕೆಟ್ ತೆಗೆಯುತ್ತಾರೆ. ಟಿಕೆಟ್ಟೂ ಅಗ್ಗವಾಗಿತ್ತು. 2012ರಲ್ಲಿ ಪೀಚ್‌ನಂಥ ಕಡಿಮೆ ದರದ ವಿಮಾನಗಳು ಒಸಾಕಾದಿಂದ ಹಾರೋಕೆ ಶುರುಮಾಡಿದ್ದವು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಇರುವವರಿಗೆ ಒಸಾಕಾ ವಾರದ ಕೊನೆಯ ಸುತ್ತಾಟ ಆಯಿತು.

2015ರಲ್ಲಿ ಇನ್ನೊಂದು ಆಯಿತು. 1970ರ ನಂತರ ಮೊದಲ ಸಲ, ಹೊರಗೆ ಹೋದ ಜಪಾನಿಯರಿಗಿಂತ ಒಳಗೆ ಬಂದ ವಿದೇಶಿಯರೇ ಹೆಚ್ಚಾದರು. ಅದೇ ವರ್ಷ ಜಪಾನಿನಲ್ಲಿ ವರ್ಷದ ಪದ ಅಂತ ಆರಿಸಿದ ಪದಗಳಲ್ಲಿ ಒಂದು 'ಬಾಕುಗಾಯ್'. ಬಾಂಬು ಸಿಡಿದ ಹಾಗೆ ಖರೀದಿ ಅಂತ ಅರ್ಥ. ಆ ವರ್ಷ ಬಂದ ಚೀನೀಯರು ಸುಮಾರು 50 ಲಕ್ಷ, ಹಿಂದಿನ ವರ್ಷದ ಎರಡರಷ್ಟು. ಟೋಕಿಯೊದ ಗಿಂಜಾದಲ್ಲಿ ಟೂರ್ ಬಸ್ಸುಗಳು ಸಾಲಾಗಿ ನಿಲ್ಲುತ್ತಿದ್ದವು. ಬಾವುಟದ ಹಿಂದೆ ಇಳಿದ ಜನ ರೈಸ್ ಕುಕ್ಕರು, ಕೆಮ್ಮಿನ ಔಷಧಿ, ಕ್ರೀಮು, ಬೆಚ್ಚಗಿನ ಟಾಯ್ಲೆಟ್ ಸೀಟು ಹೊತ್ತುಕೊಂಡು ಬಸ್ಸು ಹತ್ತುತ್ತಿದ್ದರು. 2014ರ ಅಕ್ಟೋಬರಿನಿಂದ ಔಷಧಿ, ಸೌಂದರ್ಯ ಸಾಮಗ್ರಿ, ತಿಂಡಿಗೂ ಪ್ರವಾಸಿಗರಿಗೆ ತೆರಿಗೆ ಮಾಫಿ ಸಿಕ್ಕಿದ್ದು ಇದಕ್ಕೆ ತುಪ್ಪ ಸುರಿಯಿತು. ಜಪಾನಿಯರು ಬೆರಗಾಗಿ ನೋಡಿದರು. ಆದರೆ ಇದೇ ಜಪಾನಿಯರು ಎಂಬತ್ತರ ದಶಕದಲ್ಲಿ ಪ್ಯಾರಿಸಿನ ಚೀಲದ ಅಂಗಡಿಗಳ ಮುಂದೆ ಕ್ಯೂ ನಿಂತಿದ್ದರು. ಬಾವುಟ ಬೇರೆಯವರ ಕೈಗೆ ಹೋಗಿತ್ತು, ಅಷ್ಟೆ.

ಬಾಕುಗಾಯ್ ಜಾಸ್ತಿ ದಿನ ನಡೆಯಲಿಲ್ಲ. 2016ರಲ್ಲಿ ಚೀನಾ ಹೊರಗಿಂದ ತರುವ ಸಾಮಾನಿಗೆ ಸುಂಕ ಏರಿಸಿತು, ಯೆನ್ ಸ್ವಲ್ಪ ದುಬಾರಿಯಾಯಿತು. ಆದರೆ ಜನ ಬರೋದು ನಿಲ್ಲಲಿಲ್ಲ. ಬರುವ ರೀತಿ ಬದಲಾಯಿತು. ವ್ಯಾಪಾರಿಗಳು ಇದಕ್ಕೆ 'ಮೋನೊದಿಂದ ಕೋತೊಗೆ' ಅಂತ ಹೆಸರಿಟ್ಟರು. ಮೋನೊ ಅಂದರೆ ವಸ್ತು, ಕೋತೊ ಅಂದರೆ ನಡೆಯುವ ಸಂಗತಿ, ಅನುಭವ. ಎರಡನೇ ಸಲ, ಮೂರನೇ ಸಲ ಬರುವವರಿಗೆ ಕುಕ್ಕರ್ ಆಗಲೇ ಮನೆಯಲ್ಲಿದೆ. ಅವರಿಗೆ ಕಿಮೋನೊ ಉಟ್ಟು ನಡೆಯಬೇಕು, ಬಿಸಿನೀರಿನ ಬುಗ್ಗೆಯಲ್ಲಿ ಕೂರಬೇಕು, ಯಾವುದೋ ಗಲ್ಲಿಯ ಎಂಟೇ ಸೀಟಿನ ರಾಮೆನ್ ನೂಡಲ್ಸ್ ಅಂಗಡಿ ಹುಡುಕಬೇಕು. 2019ರ ಹೊತ್ತಿಗೆ ಬಂದವರಲ್ಲಿ ಸುಮಾರು ಮುಕ್ಕಾಲುಪಾಲು ಜನ ಟಿಕೆಟ್, ರೂಮು ತಾವೇ ಬುಕ್ ಮಾಡಿಕೊಂಡವರು. ಅರ್ಧಕ್ಕಿಂತ ಜಾಸ್ತಿ ಜನ ಹಿಂದೆ ಬಂದು ಹೋದವರು. ಬಾವುಟದ ಜಾಗಕ್ಕೆ ಫೋನು ಬಂದಿತ್ತು. ದಾರಿ ಅದೇ ಹೇಳುತ್ತದೆ, ಮೆನು ಅದೇ ಓದಿ ಹೇಳುತ್ತದೆ, ರೈಲಿನ ಪ್ಲಾಟ್‌ಫಾರ್ಮೂ ಅದೇ ತೋರಿಸುತ್ತದೆ.

ಇಲ್ಲೇ ಗಂಟು ಇರೋದು. ನಲವತ್ತು ಜನರ ಗುಂಪು ಕ್ಯೋಟೊಗೆ ಬಂದರೆ ಅದಕ್ಕೆ ತನ್ನದೇ ಬಸ್ಸು, ತನ್ನದೇ ಹೋಟೆಲು, ಮೊದಲೇ ಹೇಳಿಟ್ಟ ಊಟ. ದೇವಸ್ಥಾನದ ಪಾರ್ಕಿಂಗಿನಲ್ಲಿ ಇಳಿದು, ನೋಡಿ, ಅದೇ ಬಸ್ಸು ಹತ್ತಿ ಹೋಗುತ್ತದೆ. ಅದೇ ನಲವತ್ತು ಜನ ಒಬ್ಬೊಬ್ಬರೇ ಬಂದರೆ ಸಿಟಿ ಬಸ್ಸು ಹತ್ತುತ್ತಾರೆ. ಆಸ್ಪತ್ರೆಗೆ ಹೊರಟ ಅಜ್ಜಿ, ಶಾಲೆಗೆ ಹೊರಟ ಮಕ್ಕಳು ಹತ್ತುವ ಅದೇ ಬಸ್ಸು. ಜೊತೆಗೆ ದೊಡ್ಡ ಸೂಟ್‌ಕೇಸು. ಎಣಿಕೆ ನಲವತ್ತೇ, ಊರಿಗೆ ಬೀಳುವ ಭಾರ ಬೇರೆ. ಗುಂಪು ಹೋಗೋದು ಪಟ್ಟಿಯಲ್ಲಿರುವ ಜಾಗಕ್ಕೆ ಮಾತ್ರ. ಲಾಸನ್ ಅಂಗಡಿ ಮುಂದಿನ ಫುಟ್‌ಪಾತನ್ನು ಹಳೇ ಕಾಲದ ಯಾವ ಟೂರ್ ಕಂಪನಿಯೂ ಪಟ್ಟಿಯಲ್ಲಿ ಹಾಕುತ್ತಿರಲಿಲ್ಲ.

ಹಾಗಂತ ಗುಂಪೇ ಒಳ್ಳೆಯದು ಅಂತ ನಾನು ಹೇಳೋದಿಲ್ಲ. ಬೀದಿ ಕೊನೆಯ ರಾಮೆನ್ ಅಂಗಡಿಯವನಿಗೆ ದುಡ್ಡು ಸಿಗೋದು ಒಬ್ಬೊಬ್ಬರೇ ಬಂದಾಗ ಮಾತ್ರ. ಗುಂಪಿನ ದುಡ್ಡು ಹೆಚ್ಚಾಗಿ ಕಂಪನಿ, ದೊಡ್ಡ ಹೋಟೆಲು, ಕಮಿಷನ್ ಅಂಗಡಿಗಳ ನಡುವೆಯೇ ಸುತ್ತುತ್ತದೆ.

2019ರಲ್ಲಿ ಬಂದವರು 3.19 ಕೋಟಿ. ಆ ವರ್ಷವೇ ದಕ್ಷಿಣ ಕೊರಿಯಾದ ಜೊತೆ ರಾಜಕೀಯ ಜಗಳ ಆಗಿ ಅಲ್ಲಿಂದ ಬರುವವರು 75 ಲಕ್ಷದಿಂದ 56 ಲಕ್ಷಕ್ಕೆ ಬಿದ್ದಿದ್ದರು. ಹತ್ತಿರದ ನೆಂಟರು ಮುನಿಸಿಕೊಂಡರೆ ಮನೆ ಎಷ್ಟು ಬೇಗ ಖಾಲಿ ಅನಿಸುತ್ತದೆ ನೋಡಿ. 2025ರ ನವೆಂಬರಿನಲ್ಲಿ ಚೀನಾ "ಜಪಾನಿಗೆ ಹೋಗಬೇಡಿ" ಅಂತ ತನ್ನ ಜನರಿಗೆ ಹೇಳಿದಾಗಲೂ ಹೀಗೇ ಆಯಿತು.

ಆಮೇಲೆ ಕೊರೊನಾ. 2020ರಲ್ಲಿ 4 ಕೋಟಿ ಜನ ಬರಬೇಕು ಅಂತ ಗುರಿ ಇತ್ತು. ಬಂದವರು 41 ಲಕ್ಷ. 2021ರಲ್ಲಿ ಸುಮಾರು 2.46 ಲಕ್ಷ. ಆಗಲೇ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ ಅಂದಿದ್ದೆ. 1964ರ ಒಲಿಂಪಿಕ್ಸ್ ವರ್ಷ 3.5 ಲಕ್ಷ ಜನ ಬಂದಿದ್ದರು. 2021ರಲ್ಲಿ ಮತ್ತೆ ಟೋಕಿಯೊದಲ್ಲೇ ಒಲಿಂಪಿಕ್ಸ್ ನಡೆಯಿತು, ಅದಕ್ಕಿಂತಲೂ ಕಡಿಮೆ ಜನ.

2022ರ ಜೂನಿನಲ್ಲಿ ಬಾಗಿಲು ಸ್ವಲ್ಪ ತೆರೆದರು. ಷರತ್ತು ಏನು ಗೊತ್ತಾ? ಗೈಡ್ ಜೊತೆ ಗುಂಪಿನಲ್ಲಿ ಬರುವವರಿಗೆ ಮಾತ್ರ ಪ್ರವೇಶ. ಅಂದರೆ 1970ರ ಬಾವುಟ ವಾಪಸ್! ಆ ತಿಂಗಳು ಹಾಗೆ ಪ್ರವಾಸಕ್ಕೆ ಬಂದವರು 300 ಜನವೂ ಇರಲಿಲ್ಲ. ಒಮ್ಮೆ ತಾವೇ ಓಡಾಡಿ ಅಭ್ಯಾಸ ಆದವರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸೋದು ಆಗಲಿಲ್ಲ. ಅಕ್ಟೋಬರ್ 11ರಂದು ಒಬ್ಬೊಬ್ಬರೇ ಬರೋಕೂ ಬಿಟ್ಟರು. ಡಿಸೆಂಬರ್ ಒಂದೇ ತಿಂಗಳಲ್ಲಿ 13 ಲಕ್ಷ ದಾಟಿತು.

ಮುಂದಿನದು ನಾವೆಲ್ಲ ಸುದ್ದಿಯಲ್ಲಿ ನೋಡಿದ್ದೇ. ಯೆನ್ ಇನ್ನೂ ಬಿತ್ತು, 2024ರ ಜುಲೈ ಹೊತ್ತಿಗೆ ಡಾಲರಿಗೆ 160 ದಾಟಿತು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ 2019ರಲ್ಲಿ 100 ಯೆನ್‌ಗೆ ಸುಮಾರು 65 ರೂಪಾಯಿ, 2024ರಲ್ಲಿ 55ರ ಆಸುಪಾಸು. 2024ರಲ್ಲಿ 3.69 ಕೋಟಿ ಜನ ಬಂದರು, 8 ಲಕ್ಷ ಕೋಟಿ ಯೆನ್‌ಗಿಂತ ಜಾಸ್ತಿ ಖರ್ಚು ಮಾಡಿದರು. 2025ರಲ್ಲಿ ಮೊದಲ ಸಲ 4 ಕೋಟಿ ದಾಟಿತು. ಮೊದಲ ಸಲ ಬರುವವರಲ್ಲಿ ಹೆಚ್ಚಿನವರು ಹೋಗೋದು ಟೋಕಿಯೊ, ಫುಜಿ, ಕ್ಯೋಟೊ, ಒಸಾಕಾ ಎನ್ನುವ ಅದೇ ದಾರಿಯಲ್ಲಿ. ಅದಕ್ಕೆ 'ಗೋಲ್ಡನ್ ರೂಟ್' ಅನ್ನುತ್ತಾರೆ. ಇಡೀ ದೇಶ ತುಂಬಿಲ್ಲ, ಆ ದಾರಿ ತುಂಬಿದೆ.

ಹಾಗಾಗಿ ಈಗ ನಿಯಮಗಳೆಲ್ಲ ಒಬ್ಬೊಬ್ಬರೇ ಓಡಾಡುವ ಪ್ರವಾಸಿಯನ್ನು ನೋಡಿಯೇ ಬರುತ್ತಿವೆ. ಕ್ಯೋಟೊ ಒಂದು ದಿನದ ಬಸ್ ಪಾಸನ್ನು 2023ರಲ್ಲಿ ಮಾರೋದು ನಿಲ್ಲಿಸಿತು. ಮರುವರ್ಷ ಪ್ರವಾಸಿಗರಿಗೆ ಅಂತಲೇ 500 ಯೆನ್ ಟಿಕೆಟ್ಟಿನ ಬೇರೆ ಎಕ್ಸ್‌ಪ್ರೆಸ್ ಬಸ್ ಬಿಟ್ಟಿತು. ಅದೇ ಊರಿನ ಗಿಯೋನ್ ಬಡಾವಣೆಯ ಖಾಸಗಿ ಗಲ್ಲಿಗಳಿಗೆ ಕಾಲಿಟ್ಟರೆ 10,000 ಯೆನ್ ದಂಡ. ಹಾಡು, ನೃತ್ಯದ ಕಲಾವಿದೆಯರಾದ ಗೇಯ್ಶಾಗಳ ಹಿಂದೆ ಕ್ಯಾಮೆರಾ ಹಿಡಿದು ಓಡಿದವರ ಪುಣ್ಯ ಅದು. ಫುಜಿ ಹತ್ತೋಕೆ 2024ರಲ್ಲಿ ಯೊಶಿದಾ ದಾರಿಗೆ 2,000 ಯೆನ್ ಶುಲ್ಕ, ದಿನಕ್ಕೆ 4,000 ಜನರ ಮಿತಿ. ಮರುವರ್ಷ ಎಲ್ಲಾ ದಾರಿಗಳಲ್ಲೂ 4,000 ಯೆನ್. ವಿದೇಶಿಯರಿಗಾಗಿಯೇ ಇರುವ ಏಳು ದಿನದ ರೈಲು ಪಾಸು 29,650 ಯೆನ್‌ನಿಂದ ಒಂದೇ ಏಟಿಗೆ 50,000 ಆಯಿತು. ಇಷ್ಟಾದರೂ 2030ಕ್ಕೆ 6 ಕೋಟಿ ಅನ್ನುವ ಗುರಿಯನ್ನು ಸರ್ಕಾರ ಕೈಬಿಟ್ಟಿಲ್ಲ. ಒಂದು ಕೈಯಲ್ಲಿ ಕರೆಯೋದು, ಇನ್ನೊಂದು ಕೈಯಲ್ಲಿ ತಡೆಯೋದು.

ಇದರಲ್ಲಿ ನಮ್ಮವರು ಎಷ್ಟು? 2024ರಲ್ಲಿ ಭಾರತದಿಂದ ಹೋದವರು ಸುಮಾರು 2.33 ಲಕ್ಷ. ನೂರಕ್ಕೆ ಒಬ್ಬರೂ ಇಲ್ಲ. ಆದರೆ 2019ರಲ್ಲಿ 1.76 ಲಕ್ಷ ಇತ್ತು, ಏರುತ್ತಿದೆ. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇದೆ, 2024ರ ಏಪ್ರಿಲಿನಿಂದ ಇ-ವೀಸಾ ಬಂದಿದೆ. ಜಪಾನಿಯರು ಗುಂಪಿನಿಂದ ಒಬ್ಬಂಟಿ ಓಡಾಟಕ್ಕೆ ಬರೋಕೆ ಒಂದು ತಲೆಮಾರು ಬೇಕಾಯಿತು. ನಮ್ಮಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿವೆ, ಒಂದೇ ಬಿಲ್ಡಿಂಗಿನಲ್ಲಿ.

ನಮ್ಮ ಅಪಾರ್ಟ್‌ಮೆಂಟಿನಿಂದ ಕಳೆದ ವರ್ಷ ಎರಡು ಮನೆಯವರು ಹೋಗಿ ಬಂದರು. ಮೂರನೇ ಮಹಡಿಯ ರಿಟೈರ್ಡ್ ದಂಪತಿ ಪ್ಯಾಕೇಜಿನಲ್ಲಿ ಹೋಗಿದ್ದರು. ಜೊತೆಗೆ ಅಡುಗೆಯವರು, ದಿನಾ ರಾತ್ರಿ ಅನ್ನ, ಸಾರು. ಬುಲೆಟ್ ರೈಲಿನಲ್ಲಿ ಕೂತದ್ದು ಒಂದೇ ಸ್ಟೇಷನ್ ದೂರ, ಅದೂ ಪ್ಯಾಕೇಜಿನಲ್ಲಿ ಇದ್ದದ್ದಕ್ಕೆ. ಖುಷಿಯಾಗಿಯೇ ಬಂದರು. ಕೆಳಗಿನ ಮನೆಯ ಹುಡುಗಿ ಇಬ್ಬರು ಗೆಳತಿಯರ ಜೊತೆ ಹೋಗಿದ್ದಳು. ಹನ್ನೊಂದು ದಿನ, ಫೋನೇ ಗೈಡು. ಲಾಸನ್ ಮುಂದೆ ಹೋಗಿದ್ದೆಯಾ ಅಂತ ಕೇಳಿದೆ. "ಹೋಗದೆ ಇರ್ತೀವಾ" ಅಂದಳು. ಬಲೆ ಇರಲಿಲ್ಲವಂತೆ. 2024ರ ಆಗಸ್ಟಿನಲ್ಲಿ ಚಂಡಮಾರುತ ಬರುತ್ತದೆ ಅಂತ ಇಳಿಸಿದ ಬಲೆಯನ್ನು ಊರಿನವರು ಮತ್ತೆ ಕಟ್ಟಲಿಲ್ಲ. ಫೋಟೊ ತೋರಿಸು ಅಂದೆ. ಅಂಗಡಿಯ ನೀಲಿ ಬೋರ್ಡು ಚೆನ್ನಾಗಿ ಬಂದಿದೆ. ಅಂಚಿನಲ್ಲಿ ಕೈ ಚಾಚಿ ಜನರನ್ನು ಫುಟ್‌ಪಾತಿಗೆ ಕಳಿಸುತ್ತಿರುವ ಕಾವಲುಗಾರ. ಫುಜಿ ಇರಬೇಕಾದ ಕಡೆ ಪೂರ್ತಿ ಮೋಡ.